ಎರಡೂ ಕನ್ನಡಿ ಮಡಿಸಿಕೊಂಡ ಕಾರು

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಇಪ್ಪತ್ತಾರು ಕಾರು ಹಿಡಿಸುತ್ತವೆ ಎಂದು ನಕ್ಷೆ ಬರೆದ ಎಂಜಿನಿಯರು ಹೇಳಿದ್ದರಂತೆ. ಅವರು ಓದಿದವರು. ಅದೇ ಜಾಗದಲ್ಲಿ ದಿನವೂ ನಲವತ್ತೊಂದು ಕಾರು ತುಂಬಿಸುವವನು ನ್ಯೂಟ್ರಲ್ ಮಾಮ. ಅವನು ಓದಿದ್ದು ಏಳನೇ ಕ್ಲಾಸು, ಅದರಲ್ಲೂ ಗಣಿತ ಬಿಟ್ಟು.

ಮಾಮನ ತೂಕ ಐವತ್ತೆರಡು ಕಿಲೋ, ಕಿಸೆಯಲ್ಲಿನ ಬೀಗದ ಕೈಗಳೂ ಸೇರಿ. ಗಾಳಿ ಜೋರಾಗಿ ಬೀಸಿದರೆ ಕಂಬ ಹಿಡಿದು ನಿಲ್ಲುವ ಈ ಮಹಾಶೂರ ಬೆಳಗಿನಿಂದ ಸಂಜೆಯವರೆಗೆ ಟನ್ನುಗಟ್ಟಲೆ ಕಬ್ಬಿಣವನ್ನು ಬರಿಗೈಲಿ ಸರಿಸುತ್ತಾನೆ. ಹೇಗೆ ಎಂದರೆ, ಅದಕ್ಕೊಂದು ಕಟ್ಟಳೆ ಇದೆ. ಗೋಡೆಯ ಪಕ್ಕದ ಸಾಲಿಗೆ ಅಡ್ಡವಾಗಿ ಇನ್ನೊಂದು ಸಾಲು ನಿಲ್ಲುತ್ತದೆ. ಆ ಅಡ್ಡಸಾಲಿನವರು ಗೇರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಬೀಗ ಹಾಕಿಕೊಂಡು ಮೇಲೆ ಹೋಗಬೇಕು. ಒಳಗಿನ ಕಾರು ಹೊರಗೆ ಬರಬೇಕಾದಾಗ ಮಾಮ ಅಡ್ಡ ನಿಂತವನ್ನು ಅತ್ತಿತ್ತ ತಳ್ಳಿ ದಾರಿ ಬಿಡಿಸುತ್ತಾನೆ. ‘ನ್ಯೂಟ್ರಲ್ ಹಾಕಿದ್ರಾ?’ ಎಂದು ನಲವತ್ತೊಂದು ಜನರನ್ನು ದಿನಾ ಕೇಳಿ ಕೇಳಿ ಅವನಿಗೆ ಆ ಹೆಸರು ಬಂತು, ಕೇಳಿಸಿಕೊಂಡವರಿಗೆ ತಲೆನೋವು ಬಂತು. ಕೊನೆಗೆ ಎಲ್ಲರೂ ಸೇರಿ ಒಂದು ಗುರುತು ಮಾಡಿಕೊಂಡರು: ನ್ಯೂಟ್ರಲ್‌ನಲ್ಲಿ ಬಿಟ್ಟವರು ಎಡಗಡೆಯ ಕನ್ನಡಿಯನ್ನು ಮಡಿಸಿ ಹೋಗುವುದು. ಕನ್ನಡಿ ಮಡಿಸಿದೆಯೋ, ತಳ್ಳಬಹುದು. ಬಿಚ್ಚಿದೆಯೋ, ಮುಟ್ಟಬಾರದು.

ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾರಿಗೂ ಒಂದು ಗೀರು ಬಿದ್ದಿರಲಿಲ್ಲ. ಇದನ್ನು ಕೌಶಲ ಎನ್ನುವವರುಂಟು. ನಿಜ ಹೇಳಬೇಕೆಂದರೆ ಅದು ಶುದ್ಧ ಪುಕ್ಕಲುತನ. ಮಾಮನಿಗೆ ಲಿಫ್ಟ್ ಎಂದರೆ ಭಯ, ಕಟ್ಟಡದ ಮ್ಯಾನೇಜರರ ಬೂಟಿನ ಸದ್ದೆಂದರೆ ಭಯ, ಟ್ಯೂಬ್‌ಲೈಟು ಮಿಣಮಿಣ ಎಂದರೂ ಭಯ. ಕಾರು ತಳ್ಳುವಾಗ ಗಾಜು ಮುಟ್ಟುವುದಿಲ್ಲ, ದೀಪ ಮುಟ್ಟುವುದಿಲ್ಲ, ಬಾಗಿಲಿನ ತೆಳು ತಗಡಿಗೆ ಕೈಯಿಡುವುದಿಲ್ಲ. ಬಾಗಿಲುಗಳ ನಡುವಿನ ಗಟ್ಟಿ ಕಂಬಕ್ಕೆ ಎರಡೂ ಅಂಗೈ ಕೊಟ್ಟು, ಮಗುವನ್ನು ಎಬ್ಬಿಸದೆ ಹಾಸಿಗೆ ಸರಿಸುವವನಂತೆ ಮೆಲ್ಲಗೆ ಒತ್ತುತ್ತಾನೆ. ಅದೂ ಅಲ್ಲದೆ ಮ್ಯಾನೇಜರರು ಈಚೆಗಷ್ಟೇ ಹೇಳಿಬಿಟ್ಟಿದ್ದರು: “ನೋಡಯ್ಯ, ಮೇಲಿನವರು ಕಾರು ನಿಲ್ಲಿಸೋಕೆ ಯಂತ್ರ ತರಿಸೋಣ ಅಂತಿದಾರೆ. ಯಾವ ಕಾರಿಗಾದ್ರೂ ಏನಾದ್ರೂ ಆಯ್ತು ಅಂದ್ರೆ ಅವತ್ತೇ ನಿನ್ನ ಕೆಲಸಕ್ಕೆ ಮಂಗಳ.”

ಅಂಥವನ ಬಾಳಿನಲ್ಲಿ ಒಂದು ಬುಧವಾರ ಬಂತು.

ಅಂದು ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಮಹಡಿಯ ವಕೀಲರು ಕರೀಕೋಟು ಹಾರಿಸಿಕೊಂಡು ಕೆಳಗೆ ಬಂದರು. ಹಿಂದೆ ಕಡತ ಹೊತ್ತ ಗುಮಾಸ್ತ. ವಕೀಲರ ಕಾರು ಒಳಸಾಲಿನಲ್ಲಿ, ಅದಕ್ಕೆ ಅಡ್ಡ ನಿಂತದ್ದು ಮೂರನೇ ಮಹಡಿಯ ಹಲ್ಲಿನ ಡಾಕ್ಟರಮ್ಮನ ಕಾರು. ಹೊಚ್ಚ ಹೊಸದು. ಹಳೆಯದನ್ನು ಕೊಟ್ಟು ಅದೇ ಬೂದು ಬಣ್ಣದ ಹೊಸದನ್ನು ಅಂದೇ ಮೊದಲು ತಂದಿದ್ದರು.

“ಮಾಮ, ಬೇಗ! ಇನ್ನರ್ಧ ಗಂಟೆಗೆ ಕೇಸು ಕರೀತಾರೆ.”

ಮಾಮ ನೋಡಿದ. ಎಡಗನ್ನಡಿ ಮಡಿಸಿತ್ತು. ಎಡಗನ್ನಡಿಯೇನು, ಬಲಗನ್ನಡಿಯೂ ಮಡಿಸಿತ್ತು. ಆಹಾ, ಡಾಕ್ಟರಮ್ಮ ಎಷ್ಟು ಒಳ್ಳೆಯವರು, ಒಂದಕ್ಕೆರಡು ಅಪ್ಪಣೆ ಕೊಟ್ಟು ಹೋಗಿದ್ದಾರೆ ಎಂದು ಅವನ ಮನಸ್ಸು ತುಂಬಿ ಬಂತು. ಕಂಬಕ್ಕೆ ಕೈಕೊಟ್ಟು ಒತ್ತಿದ. ಕಾರು ಅಲುಗಲಿಲ್ಲ.

“ಹೊಸದಲ್ವಾ, ಬಿಗಿ ಇರುತ್ತೆ,” ಎಂದರು ವಕೀಲರು, ಕಾರಿನ ವಿಷಯದಲ್ಲೂ ಕಾನೂನು ತಿಳಿದವರಂತೆ. “ಡಾಕ್ಟರನ್ನ ಕರೀಲಾ?” ಎಂದ ಮಾಮ. “ಅವರು ಯಾರದ್ದೋ ದವಡೆಹಲ್ಲು ಕೀಳ್ತಿದಾರೆ. ಅರ್ಧ ಕಿತ್ತು ಇಳಿದು ಬರ್ತಾರೇನು? ಗುಮಾಸ್ತ, ಕಡತ ಕೆಳಗಿಡು. ಮೂರೂ ಜನ ಒಟ್ಟಿಗೆ!”

ನೆಲ ಆಗಷ್ಟೇ ತೊಳೆದು ಒದ್ದೆಯಾಗಿತ್ತು. ಮೂವರೂ ಹಿಂದೆ ನಿಂತು ಹಿಂದಕ್ಕೂ ಮುಂದಕ್ಕೂ ತೂಗಿದರು. ಒಂದು, ಎರಡು, ಮೂರು. ನಾಲ್ಕನೆಯ ಸಲ ಕಾರಿನ ಹೊಟ್ಟೆಯೊಳಗಿಂದ ‘ಕಟಕ್’ ಎಂದಿತು. ಕಾರು ಒಂದೂವರೆ ಗೇಣು ಮುಂದಕ್ಕೆ ಜಾರಿತು. ವಕೀಲರಿಗೆ ಅಷ್ಟು ಸಾಕಾಗಿತ್ತು.

“ಅದೇನು ಸದ್ದು?” ಎಂದ ಮಾಮ.

“ಯಾವ ಸದ್ದು? ನನಗೇನೂ ಕೇಳ್ಲಿಲ್ಲ. ಗುಮಾಸ್ತ, ನಿನಗೆ ಕೇಳ್ತೇನೋ? ಅವನಿಗೂ ಕೇಳ್ಲಿಲ್ಲ. ನೋಡು ಮಾಮ, ಯಾರಾದ್ರೂ ಕೇಳಿದ್ರೆ ನಾವಿಬ್ಬರೂ ಇಲ್ಲಿಗೆ ಬಂದೇ ಇಲ್ಲ.” ವಕೀಲರು ಕಾರು ಹತ್ತಿ, ಬಂದೇ ಇಲ್ಲದವರಂತೆ ಹೊರಟುಹೋದರು.

ಮಾಮ ಡಾಕ್ಟರಮ್ಮನ ಕಾರಿನ ಕಿಟಕಿಗೆ ಮೂಗು ಒತ್ತಿ ಒಳಗೆ ಇಣುಕಿದ. ಎಡಗಾಲಿನ ಕ್ಲಚ್ಚೇ ಇಲ್ಲ, ಗೇರು ತಾನೇ ಬದಲಾಗುವ ಜಾತಿ. ಗೇರಿನ ಕೋಲಿನ ಪಕ್ಕ ‘ಪಿ’ ಎಂಬ ಅಕ್ಷರ ಕೆಂಪಗೆ ಕೂತಿತ್ತು. ಹ್ಯಾಂಡ್‌ಬ್ರೇಕ್ ಮಾತ್ರ ಹಳೆಯ ಅಭ್ಯಾಸದಂತೆ ಕೆಳಗಿಳಿದಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಇನ್ಯಾರೋ ತಮ್ಮ ಹೊಸ ಕಾರಿಗೆ ದೂರದಿಂದಲೇ ಗುಂಡಿಯೊತ್ತಿ ಬೀಗ ಹಾಕಿದರು. ಅದರ ಎರಡೂ ಕನ್ನಡಿಗಳು ಹಕ್ಕಿ ರೆಕ್ಕೆ ಮುಚ್ಚಿದಂತೆ ತಮಗೆ ತಾವೇ ಮಡಿಸಿಕೊಂಡವು.

ಅಂದರೆ ಡಾಕ್ಟರಮ್ಮ ಅಪ್ಪಣೆ ಕೊಟ್ಟೇ ಇರಲಿಲ್ಲ.

ರಸ್ತೆಯ ಆಚೆಬದಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಕೆಲಸದಲ್ಲಿ ಗಟ್ಟಿಗ, ಆದರೆ ಗಿರಾಕಿಯನ್ನು ಹೆದರಿಸದೆ ಒಂದು ನಟ್ಟನ್ನೂ ತಿರುಗಿಸಿದವನಲ್ಲ. ಮಾಮ ಓಡಿಹೋಗಿ ಕೇಳಿದ: “ನಿಂತಿರೋ ಕಾರನ್ನ ಕೈಲಿ ತಳ್ಳಿದ್ರೆ ಏನಾದ್ರೂ ಹಾಳಾಗುತ್ತಾ?”

“ನ್ಯೂಟ್ರಲ್‌ನಲ್ಲಿದ್ರೆ ಏನೂ ಆಗಲ್ಲ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡ್ತಿದೀಯಲ್ಲ.”

“ಪಿ ಅಂತ ಇದ್ರೆ?”

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ಕೆಳಗಿಟ್ಟ. ವೈದ್ಯರು ಕನ್ನಡಕ ತೆಗೆದರೆ ರೋಗಿಗೆ ಏನಾಗುತ್ತದೋ ಮಾಮನಿಗೆ ಅದೇ ಆಯಿತು.

“ಪಿ ಅಂದ್ರೆ ಪಾರ್ಕಿಂಗು. ಅದು ಏನು ಗೊತ್ತಾ ಮಾಮ? ಒಳಗೆ ಒಂದು ಹಲ್ಲಿನ ಚಕ್ರ ಇರುತ್ತೆ. ಹೆಬ್ಬೆರಳಷ್ಟು ಒಂದು ಕೊಕ್ಕೆ ಬಂದು ಆ ಹಲ್ಲಿನ ಸಂದಿಯಲ್ಲಿ ಕೂರುತ್ತೆ. ಇಡೀ ಕಾರನ್ನ ಹಿಡ್ಕೊಳ್ಳೋದು ಅದೊಂದೇ. ತೂಗಾಡಿಸಿದ್ಯಾ?”

“ನಾಲ್ಕು ಸಲ.”

“ಸದ್ದು ಬಂತಾ?”

“ಕಟಕ್ ಅಂತು.”

“ಕಟಕ್ಕೋ, ಕಟ್ಟೋ?”

“ಕ... ಕಟಕ್ಕೇ.”

“ಹಾಂ,” ಎಂದು ಮೆಕ್ಯಾನಿಕ್ ತಲೆಯಾಡಿಸಿದ. “ಮುರಿದಿದ್ರೂ ಮುರಿದಿರಬಹುದು. ಸಮನೆಲದಲ್ಲಿ ಏನೂ ತಿಳಿಯಲ್ಲ. ಓಡಿಸಿದ್ರೆ ಓಡುತ್ತೆ, ನಿಲ್ಲಿಸಿದ್ರೆ ನಿಲ್ಲುತ್ತೆ. ಇಳಿಜಾರಲ್ಲಿ ಪಿ ಹಾಕಿ ಇಳಿದು ಹೋದ್ರು ಅನ್ನು, ಅವಾಗ ಹಿಂದಿರೋರ ಗತಿ ಹೇಳೋ ಹಾಗಿಲ್ಲ.”

ಡಾಕ್ಟರಮ್ಮನ ಮನೆ ದಿಣ್ಣೆಯ ಮೇಲಿದೆ. ಅವರು ಮರೆತ ಚೀಲವನ್ನು ಒಮ್ಮೆ ಅವನೇ ಕೊಟ್ಟು ಬಂದಿದ್ದ. ಗೇಟಿನಿಂದ ಮನೆಬಾಗಿಲಿಗೆ ಕಡಿದಾದ ಏರು. ಕಾರು ಅದೇ ಏರಿನ ಮೇಲೆ ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಕೆಳಗೆ ಗೇಟಿನ ಪಕ್ಕ, ಕಾರಿನ ನೇರ ಹಿಂದೆ, ಕುರ್ಚಿ ಹಾಕಿಕೊಂಡು ಅವರ ತಾಯಿ ಸಂಜೆಯೆಲ್ಲ ರಸ್ತೆ ನೋಡುತ್ತ ಕೂರುತ್ತಾರೆ.

ಮಧ್ಯಾಹ್ನ ಬುತ್ತಿ ತಂದ ಹೆಂಡತಿಗೆ ಎಲ್ಲವನ್ನೂ ಹೇಳಿದ. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಆಕೆ ಕತ್ತರಿಯಷ್ಟೇ ನೇರ.

“ಹೋಗಿ ಹೇಳಿಬಿಡಿ.”

“ಕೆಲಸ ಹೋಗುತ್ತಲ್ಲೇ.”

“ಆ ಮುದುಕಮ್ಮ ಹೋದ್ರೆ?”

“ಮುರಿದೇ ಇಲ್ಲ ಅಂದ್ರೆ? ಸುಮ್ಮನೆ ಹೇಳಿ ಕೆಟ್ಟೆ ಅಂತಾಗಲ್ವಾ?”

“ಮುರಿದಿದ್ರೆ? ಸುಮ್ಮನಿದ್ದು ಕೊಂದೆ ಅಂತಾಗಲ್ವಾ? ಅನ್ನ ತಿನ್ನಿ, ತಿಂದು ಹೇಳಿ. ಹಸಿದ ಹೊಟ್ಟೇಲಿ ನಿಮಗೆ ಮಾತು ಹೊರಡಲ್ಲ.”

ತುಂಬಿದ ಹೊಟ್ಟೆಯಲ್ಲೂ ಹೊರಡಲಿಲ್ಲ. ಮೂರನೇ ಮಹಡಿಗೆ ಮೂರು ಸಲ ಮೆಟ್ಟಿಲು ಹತ್ತಿದ. ಮೊದಲ ಸಲ ಒಳಗಿನಿಂದ ಯಂತ್ರದ ಕಿರ್ರ್ ಸದ್ದು ಕೇಳಿ ಇಳಿದ. ಎರಡನೆಯ ಸಲ ಕಾಯುತ್ತ ಕೂತ ರೋಗಿಗಳು ‘ಇವನ ಮುಖ ನೋಡಿದರೆ ನಮ್ಮದೆಲ್ಲ ಏನೂ ಅಲ್ಲ’ ಎಂದು ಜಾಗ ಬಿಟ್ಟುಕೊಟ್ಟರು, ಹೆದರಿ ಇಳಿದ. ಮೂರನೆಯ ಸಲ ಮ್ಯಾನೇಜರರೇ ಎದುರಾದರು. “ಏನಯ್ಯ, ಹಲ್ಲುನೋವಾ?” “ಹೌದು ಸಾರ್,” ಎಂದು ಕೆನ್ನೆ ಹಿಡಿದುಕೊಂಡು ಇಳಿದ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು: ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಐದಕ್ಕೆ ಡಾಕ್ಟರಮ್ಮ ಇಳಿದು ಬಂದರು. ಮಾಮ ಕಾರಿನ ಮುಂದೆ ಹೋಗಿ ನಿಂತ. ಇಡೀ ದಿನ ಕಟ್ಟಿ ಇಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದ.

“ಕಾರು ತುಂಬಾ ಚೆನ್ನಾಗಿದೆ ಮೇಡಂ.”

“ಥ್ಯಾಂಕ್ಸ್ ಮಾಮ! ಇದರಲ್ಲಿ ಆರಾಮ ಕಣ್ರೀ. ಪಿ ಹಾಕಿ ಇಳಿದ್ರೆ ಆಯ್ತು, ಹ್ಯಾಂಡ್‌ಬ್ರೇಕೇ ಬೇಡ ಅಂದ್ರು ಅಂಗಡಿಯವರು.” ನಗುತ್ತ ಹೊರಟೇಹೋದರು.

ಕಾರಿನ ಹಿಂದೀಪ ತಿರುವಿನಲ್ಲಿ ಮರೆಯಾದಾಗ ಮಾಮನ ಕಣ್ಣಿಗೆ ಕಂಡದ್ದು ಒಂದೇ: ಗೇಟಿನ ಪಕ್ಕದ ಆ ಕುರ್ಚಿ. ಮೆಕ್ಯಾನಿಕ್‌ನ ಸೈಕಲ್ಲನ್ನು ಕೇಳದೆ ಎತ್ತಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೆಲಸದ ಜಾಗ ಬಿಟ್ಟು ಓಡಿದ. ದಿಣ್ಣೆಯ ಅರ್ಧಕ್ಕೆ ಸೈಕಲ್ ಸೋತಿತು. ಅದನ್ನೂ ತಳ್ಳಿಕೊಂಡು ಹತ್ತಿದ, ತಳ್ಳುವುದು ಹೇಗೂ ಅವನ ವೃತ್ತಿ.

ಗೇಟು ತೆರೆದಿತ್ತು. ಏರಿನ ಮೇಲೆ ಬೂದು ಕಾರು, ಮೂತಿ ಆಕಾಶಕ್ಕೆ. ಒಳಗೆ ಯಾರೂ ಇಲ್ಲ. ಅದರ ನೇರ ಕೆಳಗೆ, ಹತ್ತು ಹೆಜ್ಜೆ ದೂರದಲ್ಲಿ, ಕುರ್ಚಿಯಲ್ಲಿ ಅಜ್ಜಿ.

ಮಾಮ ಸೈಕಲ್ ಬಿಸಾಕಿ ಓಡಿ, ಕಾರಿಗೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಂತುಬಿಟ್ಟ. ಸಾವಿರದ ಇನ್ನೂರು ಕಿಲೋ ಒಂದು ಕಡೆ, ಐವತ್ತೆರಡು ಕಿಲೋ ಒಂದು ಕಡೆ.

“ಯಾರಪ್ಪಾ ನೀನು?” ಎಂದರು ಅಜ್ಜಿ.

“ಅಜ್ಜೀ, ಎದ್ದು ಆ ಕಡೆ ಹೋಗಿ!”

“ಈಗ ತಾನೇ ಕೂತಿದೀನಿ. ಕಾರು ಕದಿಯೋಕೆ ಬಂದಿದೀಯಾ?”

“ಕಳ್ಳ ಆಗಿದ್ರೆ ಮೇಲಕ್ಕೆ ತಳ್ತೀನಾ ಅಜ್ಜಿ? ಕಾರು ಕೆಳಗೆ ಬರುತ್ತೆ!”

“ಎಲ್ಲಿ ಬರ್ತಿದೆ? ನಿಂತೇ ಇದೆಯಲ್ಲ.”

“ನಾನು ಹಿಡ್ಕೊಂಡಿದೀನಿ, ಅದಕ್ಕೆ!”

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. “ನೀನಾ?” ಎಂದರು. ಆಮೇಲೆ ಮನೆಯ ಕಡೆ ತಿರುಗಿ, “ಮಗಳೇ, ಬಾ ಇಲ್ಲಿ. ಒಬ್ಬ ಕಡ್ಡಿ ಪೈಲ್ವಾನ ಬಂದಿದಾನೆ,” ಎಂದು ಕೂಗಿದರು. ಕುರ್ಚಿ ಮಾತ್ರ ಬಿಡಲಿಲ್ಲ.

ಮಗಳು ಬರಲು ಹತ್ತು ನಿಮಿಷ ಹಿಡಿಯಿತು. ಮಾಮನ ಬೆವರು ಕಣ್ಣಿಗಿಳಿಯಿತು. ಬೆನ್ನ ಹಿಂದೆ ಲೋಹ ಒಮ್ಮೆ ‘ಟಕ್’ ಎಂದಾಗ ಅವನ ಜೀವ ಬಾಯಿಗೆ ಬಂತು. ಬಂದ ಜೀವವನ್ನು ಹಲ್ಲುಕಚ್ಚಿ ಒಳಗೇ ಹಿಡಿದ.

“ಮಾಮ! ಇದೇನಿದು?”

ಆಗ ಮಾತು ಹೊರಟಿತು, ಕಟ್ಟೆ ಒಡೆದಂತೆ. ಕನ್ನಡಿ, ವಕೀಲರು, ಕಟಕ್, ಕೊಕ್ಕೆ, ಅಜ್ಜಿಯ ಕುರ್ಚಿ ಎಲ್ಲ ಒಂದೇ ಉಸಿರಿನಲ್ಲಿ. “ತಪ್ಪು ನಂದೇ ಮೇಡಂ. ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು. ಬೆಳಿಗ್ಗೆಯಿಂದ ಹೇಳಬೇಕು ಅಂತ... ಹೆದರಿಬಿಟ್ಟೆ. ಮೊದಲು ಹ್ಯಾಂಡ್‌ಬ್ರೇಕ್ ಎಳೀರಿ, ಆಮೇಲೆ ಬೈಯಿರಿ.”

ಡಾಕ್ಟರಮ್ಮ ಮೊದಲು ತಾಯಿಯನ್ನು ಕುರ್ಚಿಸಮೇತ ಪಕ್ಕಕ್ಕೆ ಎಳೆದರು. ಆಮೇಲೆ ಕಾರಿನೊಳಗೆ ಹಾರಿ ಹ್ಯಾಂಡ್‌ಬ್ರೇಕ್ ಎಳೆದರು. ಅಂಗಳದಲ್ಲಿದ್ದ ಎರಡು ದಪ್ಪ ಕಲ್ಲುಗಳನ್ನು ತಂದು ಹಿಂಚಕ್ರಗಳಿಗೆ ಒಂದು ಗೇಣು ದೂರದಲ್ಲಿಟ್ಟರು. ಮಾಮನನ್ನು ದೂರ ನಿಲ್ಲಿಸಿ, ಪಿ ತೆಗೆದು ಮತ್ತೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬ್ರೇಕಿನ ಮೇಲಿದ್ದ ಕಾಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತಿದರು.

ಕಾರು ಹಿಂದಕ್ಕೆ ಬಂತು. ಎರಡು ಬೆರಳು. ಮಾಮ ಕಣ್ಣು ಮುಚ್ಚಿಕೊಂಡ. ‘ಕಟಕ್.’

ನಿಂತಿತು. ಕಲ್ಲು ಮುಟ್ಟದೆ, ಬೇರು ಬಿಟ್ಟಂತೆ ನಿಂತಿತು. ಡಾಕ್ಟರಮ್ಮ ಮತ್ತೆ ಮಾಡಿದರು, ಮತ್ತೆ ನಿಂತಿತು. ಒಳಗಿನ ಕೊಕ್ಕೆ ಮುರಿದಿರಲೇ ಇಲ್ಲ. ಬೆಳಿಗ್ಗೆ ಅದು ಹಿಡಿದೇ ಇತ್ತು, ಬಿಗಿದ ಚಕ್ರಗಳೇ ಒದ್ದೆ ನೆಲದ ಮೇಲೆ ಜಾರಿದ್ದವು.

“ಏನೂ ಆಗಿಲ್ಲ ಮಾಮ! ಮೂರು ಜನ ತೂಗಿದ್ರೂ ಏನೂ ಆಗಿಲ್ಲ!” ಎನ್ನುತ್ತ ಇಳಿದು ಹಿಂದೆ ಬಂದ ಡಾಕ್ಟರಮ್ಮ ಅಲ್ಲೇ ನಿಂತರು.

ಡಿಕ್ಕಿಯ ಬಾಗಿಲಿನ ತೆಳು ತಗಡಿನ ಮೇಲೆ ಎರಡು ತಗ್ಗು ಬಿದ್ದಿದ್ದವು. ಅಕ್ಕಪಕ್ಕ, ಚಿಪ್ಪಿನಷ್ಟಷ್ಟು. ಮಾಮ ನೋಡಿದ. ಕುಂಬಳಕಾಯಿ ಕಳ್ಳನಂತೆ ಅವನ ಕೈ ತಾನಾಗಿ ತನ್ನ ಹೆಗಲ ಹಿಂದಕ್ಕೆ ಹೋಯಿತು. ಹೆಗಲೆಲುಬುಗಳ ಅಳತೆ ಸರಿಯಾಗಿ ಕೂಡಿತು.

“ಇದು ಬೆಳಗಿಂದಲ್ಲ,” ಎಂದರು ಡಾಕ್ಟರಮ್ಮ ಮೆಲ್ಲಗೆ.

“ಅಲ್ಲ ಮೇಡಂ,” ಎಂದ ಮಾಮ. “ಇದು ಈಗಿಂದು.”

ಅಜ್ಜಿ ಕುರ್ಚಿಯಿಂದಲೇ ಹೇಳಿದರು: “ನಾನು ಆವಾಗಲೇ ಹೇಳಿದೆ, ನಿಂತೇ ಇದೆ ಅಂತ. ನಿಂತಿರೋದನ್ನ ಯಾಕೆ ಹಿಡ್ಕೋಬೇಕು?”

ಡಾಕ್ಟರಮ್ಮ ಆ ತಗ್ಗುಗಳನ್ನು ನೋಡಿದರು, ತಾಯಿಯ ಕುರ್ಚಿ ಮೊದಲಿದ್ದ ಜಾಗವನ್ನು ನೋಡಿದರು. ಬೈಯಲು ಬಾಯಿ ತೆರೆದವರು ಅದನ್ನೇಕೋ ಮುಚ್ಚಿದರು. “ಮ್ಯಾನೇಜರ್ ಕೇಳಿದ್ರೆ ಅಮ್ಮ ಒರಗಿದ್ಲು ಅಂತೀನಿ.”

“ನನ್ನ ತಲೆಗೆ ಯಾಕೆ ಕಟ್ತೀಯೇ? ನನ್ನ ಬೆನ್ನು ಇಷ್ಟು ಚೂಪಾ?”

“ಬೇಡ ಮೇಡಂ,” ಎಂದ ಮಾಮ. “ನಾನೇ ಹೇಳ್ತೀನಿ. ಇವತ್ತು ಒಂದು ಸಲ ಹೇಳದೆ ಸುಮ್ಮನಿದ್ದೆ. ಇಷ್ಟು ಭಯ ಇನ್ನೊಂದು ಸಲ ನನ್ನ ಕೈಲಿ ಆಗಲ್ಲ.”

“ಸರಿ, ಇಬ್ಬರೂ ಹೋಗಿ ಹೇಳೋಣ. ಹಾಗೇ ಆ ಮೆಕ್ಯಾನಿಕ್‌ಗೂ ಕಾರು ತೋರಿಸಿ ಬರೋಣ. ಹತ್ತಿ.”

ಮಾಮ ಹಿಂದಿನ ಸೀಟಿಗೆ ಹೋದ, ಅವರು ಮುಂದೆ ಕೂರಿಸಿದರು. ಸೈಕಲ್ಲಿನ ಮುಂಚಕ್ರ ಡಿಕ್ಕಿಯಿಂದ ಹೊರಗೆ ಇಣುಕುತ್ತಿತ್ತು. ಇಷ್ಟು ವರ್ಷ ಎಷ್ಟು ಸಾವಿರ ಕಾರು ತಳ್ಳಿದ್ದನೋ, ಓಡುವ ಕಾರಿನ ಮುಂದಿನ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ದಿಣ್ಣೆ ಇಳಿಯತೊಡಗಿದ್ದೇ ತಡ, ಮಾಮ ಎರಡೂ ಕಾಲುಗಳನ್ನು ಒಟ್ಟು ಮಾಡಿ ಎದುರಿನ ತಳಕ್ಕೆ ಒತ್ತಿ ಹಿಡಿದ. ತಿರುವು ಬಂದರೆ ಇನ್ನಷ್ಟು ಒತ್ತಿದ.

“ಮಾಮ, ನಿಮ್ಮ ಕಡೆ ಬ್ರೇಕ್ ಇಲ್ಲ,” ಎಂದರು ಡಾಕ್ಟರಮ್ಮ. “ಕಾಲು ತೆಗೀರಿ, ತಳ ತೂತಾಗುತ್ತೆ.”

“ಆಗಲಿ ಮೇಡಂ,” ಎಂದ ಮಾಮ, ಕಣ್ಣು ಮುಚ್ಚಿಕೊಂಡೇ. “ಅದನ್ನೂ ಮ್ಯಾನೇಜರಿಗೆ ನಾನೇ ಹೇಳ್ತೀನಿ. ನೀವು ಮಾತ್ರ ನಿಧಾನ.”