ಆಣೆಯೊಳಗೆ ಸೇರದ ವೈಫೈ

ಕೆರಾಡಿಯ ನಮ್ಮ ಮನೆ, ಹಿತ್ತಲು ಎಲ್ಲೂ ಮೊಬೈಲಿಗೆ ನೆಟ್‌ವರ್ಕ್ ಸಿಗುವುದಿಲ್ಲ. ದೊಡ್ಡಪ್ಪನ ಮನೆ, ನಮ್ಮ ಮನೆ ಎರಡೂ ಒಂದೇ ಅಂಗಳದ ಆಚೆ ಈಚೆ. ವೈಫೈ ಡಬ್ಬಿ ಕೂರಿಸಿದ್ದು ದೊಡ್ಡಪ್ಪನ ಮನೆಯಲ್ಲಿ. ಎರಡು ಮನೆಯ ಫೋನು, ಟೀವಿ, ನನ್ನ ಲ್ಯಾಪ್‌ಟಾಪ್ ಎಲ್ಲವೂ ಆ ಒಂದು ಡಬ್ಬಿಯ ಮಕ್ಕಳು.

ಆಮೇಲೆ ಗದ್ದೆಯ ಬದುವಿನ ವಿಷಯಕ್ಕೆ ಅಪ್ಪನಿಗೂ ದೊಡ್ಡಪ್ಪನಿಗೂ ಜಗಳವಾಯಿತು. ಜಗಳ ಯಾರ ಮನೆಯಲ್ಲಿಲ್ಲ? ಆದರೆ ಇವರಿಬ್ಬರೂ ಮನೆಯ ದೈವದ ಎದುರು ನಿಂತು ಆಣೆ ಹಾಕಿಕೊಂಡರು. ಒಬ್ಬರ ಮನೆಯ ಮೆಟ್ಟಿಲು ಇನ್ನೊಬ್ಬರು ಹತ್ತುವಂತಿಲ್ಲ, ನೀರು, ಬೆಂಕಿ, ಅಕ್ಕಿ ಕೊಡುವಂತಿಲ್ಲ, ತರುವಂತಿಲ್ಲ, ಮಕ್ಕಳಿಗೂ ಇದೇ ಮಾತು. ಮೀಸೆ ಬಂದ ಗಂಡಸರ ಬುದ್ಧಿ! ವೈಫೈ ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ. ಅಮ್ಮ ಕೇಳಿದ್ದಕ್ಕೆ ಅಪ್ಪ, "ಅದ್ ಗಾಳಿಯಂಗೆ ಬಪ್ದ್, ಆಣೆಗೆ ಸೇರುದಿಲ್ಲೆ" ಎಂದು ಟೀವಿ ಹಾಕಿಕೊಂಡರು. ಆಚೆ ಮನೆಯಲ್ಲಿ ಪಾಸ್‌ವರ್ಡ್ ಬದಲಿಸು ಎಂದು ದೊಡ್ಡಪ್ಪ ಹೇಳಿದರೆ, ದೊಡ್ಡಮ್ಮ ತನಗೆ ಅದೆಲ್ಲ ಬರುವುದಿಲ್ಲ ಎಂದುಬಿಟ್ಟಳಂತೆ.

ದೊಡ್ಡಮ್ಮ ನನ್ನನ್ನು ಸಾಕಿದವಳು. ಅಮ್ಮ ಗದ್ದೆಗೆ ಹೋದರೆ ನನಗೆ ತಲೆ ಬಾಚಿ, ಗಂಜಿ ಉಣಿಸಿ ಶಾಲೆಗೆ ಕಳಿಸುತ್ತಿದ್ದವಳು. ಆಣೆಯಾದ ಮೇಲೆ ಅವಳು ನನ್ನ ಜೊತೆ ಮಾತಾಡಬೇಕಾದರೆ ದನದ ಜೊತೆ ಮಾತಾಡುತ್ತಿದ್ದಳು. ಕರೆಂಟು ಹೋಗಿ ಬಂದಾಗ ಹಟ್ಟಿಯ ಬಾಗಿಲಲ್ಲಿ ನಿಂತು, "ಡಬ್ಬಿ ಆಫ್ ಮಾಡಿ ಆನ್ ಮಾಡಿದೆ ಕಾಣ್. ನೆಟ್ ಬಂತಾ?" ಎಂದು ದನವನ್ನು ಕೇಳುವಳು. ನಾನು ಬಟ್ಟೆಯ ಹಗ್ಗದ ಕಡೆ ತಿರುಗಿ, "ಬಂತ್" ಎನ್ನುತ್ತಿದ್ದೆ. ಇಷ್ಟೇ ನಮ್ಮ ಮಾತುಕತೆ. ಅಷ್ಟಾದರೂ ಇತ್ತಲ್ಲ ಎಂದು ಈಗ ಅನಿಸುತ್ತದೆ.

ಕಳೆದ ಮಳೆಗಾಲದಲ್ಲಿ ದೊಡ್ಡಮ್ಮ ಬಚ್ಚಲಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ಅವಳ ಮಗಳು, ನನ್ನ ಅಕ್ಕ, ಮುಂಬಯಿಯಲ್ಲಿ ದಿನ ತುಂಬಿದ ಬಸುರಿ. ಬರುವಂತಿರಲಿಲ್ಲ. ದೊಡ್ಡಮ್ಮನ ತಮ್ಮ ಹೆಣದ ತಲೆಯ ಬಳಿ ಫೋನು ಹಿಡಿದು ವಿಡಿಯೋ ಕಾಲ್ ಮಾಡಿದರು. ಅಕ್ಕ ಅದಕ್ಕೆ ನನ್ನನ್ನೂ ಸೇರಿಸಿದಳು.

ನಾನು ಆಚೆ ಮನೆಗೆ ಹೊರಟು ನಿಂತಿದ್ದೆ. ಅಪ್ಪ ತಡೆದರು. "ದೈವದ ಎದ್ರ್ ಹೇಳಿದ್ ಮಾತ್. ಆಣೆ ಬಿಡಿಸ್ಕಣದೆ ಹೋಪುಕಾಗ." ಅವರ ಕಣ್ಣೂ ಕೆಂಪಾಗಿತ್ತು, ಅತ್ತಿಗೆಯ ಕೈಯ ಊಟ ಉಂಡೇ ಬೆಳೆದವರು. ಆ ಕ್ಷಣಕ್ಕೆ ನನಗೆ ಅಪ್ಪನ ಮೇಲೂ, ದೈವದ ಮೇಲೂ ಒಂದೇ ತೂಕದ ಸಿಟ್ಟು ಬಂತು. ಜಗಲಿಯಲ್ಲೇ ಕುಳಿತು ಫೋನಿನಲ್ಲಿ ದೊಡ್ಡಮ್ಮನ ಮುಖ ನೋಡಿದೆ. ಅರಿಶಿನ ಹಚ್ಚಿದ್ದರು. ಒಬ್ಬೊಬ್ಬರೇ ಬಂದು ತುಳಸಿಯೆಲೆಯಲ್ಲಿ ಅವಳ ಬಾಯಿಗೆ ನೀರು ಬಿಡುತ್ತಿದ್ದರು.

ಅಷ್ಟರಲ್ಲಿ ಚಿತ್ರ ನಿಂತಿತು. ಬಂದ ನೆಂಟರ ಫೋನುಗಳೂ ಅದೇ ವೈಫೈಗೆ ಜೋತುಬಿದ್ದಿದ್ದವು. ಅಕ್ಕನ ಸ್ವರ ಮಾತ್ರ ಬರುತ್ತಿತ್ತು. "ಅಮ್ಮನ ಮುಖ ಕಾಂತಿಲ್ಲೆ, ಮಾವ. ಅಮ್ಮನ ಮುಖ ಕಾಂತಿಲ್ಲೆ."

ಮಾವ ಅಂಗಳಕ್ಕೆ ಕೇಳುವಂತೆ ಕೂಗಿದರು. "ವೈಫೈ ಹಾಕ್ಕಂಡವ್ರೆಲ್ಲ ಆಫ್ ಮಾಡಿ ಮಾರಾಯ್ರೆ! ಆ ಹೆಣ್ಣಿಗ್ ಅಬ್ಬಿ ಮುಖ ಕಡೀ ಸಲ ಕಾಂಬುಕಾರೂ ಬಿಡಿ!"

ಅಮ್ಮನ ಫೋನು ಆಫ್ ಮಾಡಿದೆ, ಅಪ್ಪನದೂ ಮಾಡಿದೆ. ಚಿತ್ರ ಅಲ್ಲಾಡಲಿಲ್ಲ. ಉಳಿದದ್ದು ನನ್ನದು. ನಿಂತುಹೋದ ಚಿತ್ರದಲ್ಲಿ ದೊಡ್ಡಮ್ಮನ ಹಣೆ, ಅರ್ಧ ಕಣ್ಣು ಇತ್ತು. ಅಷ್ಟನ್ನೇ ಇನ್ನೊಮ್ಮೆ ನೋಡಿ ವೈಫೈ ಆಫ್ ಮಾಡಿದೆ.

ಸ್ವಲ್ಪ ಹೊತ್ತಿಗೆ ಆಚೆ ಮನೆಯಿಂದ ಸ್ಪೀಕರಿನಲ್ಲಿ ಅಕ್ಕನ ಅಳು ಕೇಳಿತು. "ಕಂಡ್ತ್, ಈಗ ಕಂಡ್ತ್." ನನಗೂ ಅಳು ತಡೆಯಲಾಗಲಿಲ್ಲ.

ಆಮೇಲೆ ದೊಡ್ಡಪ್ಪನ ಸ್ವರ. "ನೀರ್ ಬಿಡುಕೆ ಇನ್ ಯಾರಾರೂ ಇದ್ರಾ?"

ನಾನು ಎದ್ದುಬಿಟ್ಟೆ. ಅಪ್ಪ ನನ್ನ ಕೈ ಹಿಡಿದುಕೊಂಡರು. ಎಳೆದುಕೊಂಡರೂ ಬಿಡಲಿಲ್ಲ. ಆಚೆ ಯಾರೋ, "ಯಾರೂ ಇಲ್ಲೆ, ಎಲ್ಲ ಆಯ್ತ್" ಎಂದರು. ದೊಡ್ಡಮ್ಮನನ್ನು ಎತ್ತಿದರು.