ಯಾರೂ ಎತ್ತಿಕೊಳ್ಳದ ಚೀಲ

ವಿಮಾನ ನಿಲ್ದಾಣದ ತಪಾಸಣೆಯ ಹಾಲ್‌ನಲ್ಲಿ ಅವನನ್ನು ಎಲ್ಲರೂ ವಾರಸುದಾರ ಎಂದೇ ಕರೆಯುತ್ತಿದ್ದರು. ಆಸ್ತಿಪಾಸ್ತಿಯ ಮಾತೇನಲ್ಲ. ಅಪ್ಪ ಬಿಟ್ಟುಹೋದದ್ದು ಒಂದು ಕುರ್ಚಿ, ಅದೂ ಕಂಪನಿಯದು. ಎಕ್ಸ್‌ರೇ ಯಂತ್ರದ ಮುಂದೆ ವರ್ಷಗಟ್ಟಲೆ ಕೂತು ಊರವರ ಚೀಲಗಳ ಒಳಗನ್ನು ನೋಡುತ್ತಿದ್ದ ಅಪ್ಪ, ಒಂದು ಮಧ್ಯಾಹ್ನ ಪಾಳಿಗೆ ಬರುವ ದಾರಿಯಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆಸ್ಪತ್ರೆಯವರು ಕೈಗಡಿಯಾರ, ಬೆಲ್ಟು, ಬಸ್ ಪಾಸು ಕೊಟ್ಟು ಕಳಿಸಿದರು. ಚೀಲ ಮಾತ್ರ ಸಿಗಲಿಲ್ಲ. ಬೆಂಚಿನ ಮೇಲೆ ಒಂಟಿಯಾಗಿದ್ದ ಚೀಲವನ್ನು ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋಗಿದ್ದರು.

ಮನೆಯವರಲ್ಲಿ ಒಬ್ಬರಿಗೆ ಕೆಲಸ ಕೊಡುತ್ತೇವೆ ಎಂದಿತು ಕಂಪನಿ. ಮನೆಯಲ್ಲಿ ಕೆಲಸವಿಲ್ಲದೆ ಇದ್ದದ್ದು ಇವನೊಬ್ಬನೇ. ಸಂದರ್ಶನದಲ್ಲಿ ನಿಮ್ಮ ವಿಶೇಷ ಗುಣ ಏನು ಎಂದು ಕೇಳಿದಾಗ, "ಕೂತಲ್ಲೇ ಕೂತಿರ್ತೀನಿ ಸಾರ್" ಎಂದಿದ್ದ. ತನ್ನ ಬಗ್ಗೆ ಅವನು ಉಪ್ಪುಖಾರ ಹಚ್ಚದೆ ಹೇಳಿದ ಮಾತು ಅದೊಂದೇ ಇರಬೇಕು.

ಕೆಲಸ ದೇಹಕ್ಕೆ ಸುಲಭ, ಕಣ್ಣಿಗೆ ಕಷ್ಟ. ಬೆಲ್ಟಿನ ಮೇಲೆ ಚೀಲ ಒಳಗೆ ಹೋಗುತ್ತದೆ, ಅದರ ಹೊಟ್ಟೆಯೊಳಗಿನದೆಲ್ಲ ಸ್ಕ್ರೀನಿನ ಮೇಲೆ ಬಣ್ಣವಾಗಿ ಹರಿದುಹೋಗುತ್ತದೆ. ಲೋಹ ನೀಲಿ, ತಿನ್ನುವುದು, ಉಡುವುದು ಎಲ್ಲ ಕಿತ್ತಳೆ. ಕುರ್ಚಿಗೆ ಒಂದು ಗಾಲಿ ಇರಲಿಲ್ಲ, ಎಡಕ್ಕೆ ವಾಲಿ ಕೂತು ಕೂತು ಅವನ ಅಂಗಿಯ ಎಡ ಮೊಣಕೈ ಮಾತ್ರ ಸವೆದಿತ್ತು. ಕಾರಿಡಾರಿನ ಟೀ ಯಂತ್ರ ಒಂದೊಂದು ದಿನ ಟೀ ಕೊಟ್ಟು ಲೋಟ ಕೊಡುತ್ತಿರಲಿಲ್ಲ. ಸುಖಗಳೂ ಇದ್ದವು. ಯಾರದೋ ದೊಡ್ಡ ಸೂಟ್‌ಕೇಸಿನಲ್ಲಿ ಒಂದೇ ಒಂದು ತಲೆದಿಂಬು. ಕೋಟು ಬೂಟಿನ ಸಾಹೇಬರು ಬೂಟು ಬಿಚ್ಚಿದಾಗ ಕಾಲ್ಚೀಲದ ತೂತಿನಿಂದ ಇಣುಕುವ ಹೆಬ್ಬೆರಳು. ಅದನ್ನು ಕಂಡಾಗಲೆಲ್ಲ ಅವನಿಗೆ ತನ್ನ ಸಂಬಳದ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು.

ಬೆಲ್ಟಿನ ಆ ಕೊನೆಯಲ್ಲಿ ಚೀಲ ಬಿಚ್ಚಿ ತಡಕುವವಳು ಒಬ್ಬಳಿದ್ದಳು. ಅಪ್ಪನ ಕಾಲದವಳು, ಎಲ್ಲರಿಗೂ ಅಕ್ಕ. ಅವಳ ಕೈಗೆ ದಿನಕ್ಕೊಂದಾದರೂ ಜಗಳ ಸಿಗುತ್ತಿತ್ತು.

"ಇದು ಜೇನುತುಪ್ಪ ಕಣಮ್ಮಾ, ನೀರಲ್ಲ," ಎಂದು ಒಬ್ಬ ಅಜ್ಜಿ ಸೀಸೆಯನ್ನು ಎದೆಗವಚಿಕೊಂಡಿದ್ದಳು.

"ಬಗ್ಗಿಸಿದ್ರೆ ಹರಿಯುತ್ತಾ ಅಜ್ಜಿ?"

"ಹರಿಯುತ್ತೆ, ನಿಧಾನಕ್ಕೆ."

"ನಿಧಾನಕ್ಕೆ ಹರಿಯೋದೂ ನೀರಿನ ಲೆಕ್ಕಕ್ಕೇ."

"ನನ್ನ ಸೊಸೆ ಥರಾನೇ ಮಾತಾಡ್ತೀಯ ನೀನು!" ಎಂದ ಅಜ್ಜಿ, ಅಲ್ಲೇ ನಿಂತು ಬೆರಳದ್ದಿ ಅರ್ಧ ಸೀಸೆ ನೆಕ್ಕಿ, ಉಳಿದದ್ದನ್ನು ಸಾಲಿನಲ್ಲಿದ್ದ ಅಪರಿಚಿತರ ಅಂಗೈಗೆ ಹಂಚಿ ಹೋಗಿದ್ದಳು. ಆ ದಿನ ಎಲ್ಲರ ಪಾಸ್‌ಪೋರ್ಟೂ ಅಂಟಂಟು.

ಅಜ್ಜಿಯ ಚೀಲಕ್ಕೂ ಕಳ್ಳನ ಚೀಲಕ್ಕೂ ಅಲ್ಲಿ ಒಂದೇ ಬೆಲ್ಟು. ಯಾರ ಮೇಲೂ ಸಿಟ್ಟಿಲ್ಲ, ಎಲ್ಲರ ಮೇಲೂ ಅನುಮಾನ. ಮೊದಮೊದಲು ಅವನಿಗೆ ಇದು ಅವಮಾನ ಅನ್ನಿಸುತ್ತಿತ್ತು; ಆಮೇಲೆ, ಇಷ್ಟು ಜನ ಬೆಲ್ಟು ಬಿಚ್ಚಿ ಪ್ಯಾಂಟು ಹಿಡಿದುಕೊಂಡು ಗೊಣಗದೆ ನಿಲ್ಲುವುದು ಮುಂದಿನ ಸೀಟಿನಲ್ಲಿ ಕೂರುವ ಯಾವನೋ ಅಪರಿಚಿತ ಸುಖವಾಗಿ ತಲುಪಲಿ ಎಂದೇ ಅಲ್ಲವೇ ಅನ್ನಿಸತೊಡಗಿತು. ಇಂಥ ದೊಡ್ಡ ಯೋಚನೆ ಬಂದ ದಿನ ಅವನು ಯಾವುದಾದರೂ ಕತ್ತರಿಯನ್ನು ಬಿಟ್ಟುಬಿಟ್ಟು ಬೈಸಿಕೊಳ್ಳುವುದು ಗ್ಯಾರಂಟಿ. ಇಷ್ಟಾಗಿಯೂ ಅವನ ಸ್ವಂತ ಮನೆಯ ಬಾಗಿಲು ಭುಜ ತಾಗಿಸಿದರೆ ತೆರೆದುಕೊಳ್ಳುತ್ತಿತ್ತು.

ಆ ಯಂತ್ರಕ್ಕೊಂದು ಬುದ್ಧಿಯಿತ್ತು. ನೋಡುವವನು ತೂಕಡಿಸುತ್ತಿದ್ದಾನೋ ಎಂದು ಅದು ಆಗಾಗ ಸುಳ್ಳು ಚಿತ್ರ ತೋರಿಸಿ ಪರೀಕ್ಷೆ ಮಾಡುತ್ತಿತ್ತು. ಒಮ್ಮೊಮ್ಮೆ ಇಡೀ ಚೀಲವೇ ಸುಳ್ಳು: ಸ್ಕ್ರೀನಿನ ಮೇಲೆ ಚೀಲ ಹಾದುಹೋಗುತ್ತದೆ, ಅದರೊಳಗೊಂದು ಚಾಕುವೂ ಇರುತ್ತದೆ, ಬೆಲ್ಟಿನ ಮೇಲೆ ಮಾತ್ರ ಏನೂ ಇರುವುದಿಲ್ಲ. ಕೆಂಪು ಗುಂಡಿ ಒತ್ತಿದರೆ ಚಿತ್ರ ತಕ್ಷಣ ಮಾಯವಾಗಿ, "ಇದು ಪರೀಕ್ಷೆ. ಸರಿಯಾಗಿ ಗುರುತಿಸಿದ್ದೀರಿ" ಎಂಬ ಸಾಲು ಬರುತ್ತದೆ. ಒತ್ತದಿದ್ದರೆ ಚೀಲ ನಿಧಾನಕ್ಕೆ ಸ್ಕ್ರೀನು ದಾಟಿ ಹೋಗುತ್ತದೆ, ಅವನ ಹೆಸರಿನ ಮುಂದೆ ಒಂದು ತಪ್ಪು ಬೀಳುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಒಂದು ಸಂಜೆ ಅಂಥದೊಂದು ಚೀಲ ಬಂತು. ಮಡಿಸಿದ ಕೊಡೆ, ಕನ್ನಡಕದ ಡಬ್ಬಿ, ಒಂದು ಚಾಕು, ಚಾಕುವಿನ ಪಕ್ಕದಲ್ಲಿ ಊಟದ ಡಬ್ಬಿ. ಡಬ್ಬಿಯ ಮುರಿದ ಕೊಂಡಿಯ ಜಾಗದಲ್ಲಿ ಬಗ್ಗಿಸಿ ಸಿಕ್ಕಿಸಿದ ಸೈಕಲ್ ಕಡ್ಡಿ.

ಆ ಕಡ್ಡಿಯನ್ನು ಬಗ್ಗಿಸಿದವಳು ಅಮ್ಮ. ಇಕ್ಕಳ ಹಿಡಿದುಕೊಟ್ಟವನು ಇವನೇ.

ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಚೀಲ ಎಡದಿಂದ ಬಲಕ್ಕೆ, ಯಾರದೋ ತೋಳಿನಲ್ಲಿ ತೂಗುತ್ತಿದೆಯೋ ಎಂಬಷ್ಟು ಸಮಾಧಾನವಾಗಿ ಹೋಯಿತು. ಅವನು ಎದ್ದು ಬೆಲ್ಟಿನ ಕೊನೆಯನ್ನು ನೋಡಿದ. ಬರಿದಾಗಿತ್ತು. ಅಕ್ಕ, "ಏನೋ, ದೆವ್ವ ನೋಡಿದೋನ ಥರ ನಿಂತಿದ್ದೀಯ?" ಎಂದಳು. ವಿಚಾರಿಸಿದರೆ ವಿಷಯ ಸರಳವಾಗಿಯೇ ಇತ್ತು. ಯಂತ್ರ ಹೊಸದಾಗಿ ಬಂದಾಗ ಚಿತ್ರಗಳಿಗಾಗಿ ಕೆಲಸದವರ ಚೀಲಗಳನ್ನೇ ಇಸಿದುಕೊಂಡು, ಒಳಗೊಂದು ಚಾಕು ಇಟ್ಟು ತೆಗೆದಿದ್ದರಂತೆ. "ನಿಮ್ಮಪ್ಪ ಊಟಕ್ಕೆ ಹೊರಟಿದ್ರು, ಹಿಡಿದು ನಿಲ್ಲಿಸಿದ್ವಿ. ಡಬ್ಬಿ ತಣ್ಣಗಾಗುತ್ತೆ ಅಂತ ಬೈತಾ ಇದ್ರು."

ಕಾರಣ ಗೊತ್ತಾದರೆ ಭಯ ಹೋಗುತ್ತದೆ ಎನ್ನುತ್ತಾರೆ. ಅವನ ವಿಷಯದಲ್ಲಿ ಹಾಗಾಗಲಿಲ್ಲ. ಚೀಲ ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು. ವಾರಗಟ್ಟಲೆ ಇಲ್ಲ, ಬಂದರೆ ಸೂಟ್‌ಕೇಸುಗಳ ನಡುವೆ ಸದ್ದಿಲ್ಲದೆ ಬಂದುಬಿಡುತ್ತದೆ. ಹಿಡಿದರೆ ಮಾಯ, ಬಿಟ್ಟರೆ ಪೂರ್ತಿ ನೋಡಬಹುದು. ಅವನು ಬಿಡುತ್ತ ಹೋದ. ಕುತ್ತಿಗೆಯ ಹಿಂದೆ ಯಾರೋ ನಿಂತು ತಾನೂ ಸ್ಕ್ರೀನು ನೋಡುತ್ತಿದ್ದಾರೆ ಎನ್ನಿಸುತ್ತಿತ್ತು. ತಿರುಗಿದರೆ ಗೋಡೆ, ಗೋಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರು.

ಅಮ್ಮನಿಗೆ ಹೇಳಬಾರದಿತ್ತು. ಹೊಟ್ಟೆಯಲ್ಲಿ ಮಾತು ನಿಲ್ಲದ ಜಾತಿಯವನು, ಹೇಳಿಬಿಟ್ಟ. ಅವಳು ತೊಳೆಯುತ್ತಿದ್ದ ಪಾತ್ರೆ ಹಾಗೇ ಹಿಡಿದುಕೊಂಡು ಕೇಳಿದಳು:

"ಡಬ್ಬಿ ತುಂಬಿತ್ತಾ, ಖಾಲೀನಾ?"

"ಕಿತ್ತಳೆ ಬಣ್ಣ ಇತ್ತು. ತುಂಬಿತ್ತು ಅಂತ ಅರ್ಥ."

"ಅಯ್ಯೋ. ಇನ್ನೂ ತಿಂದಿಲ್ಲ."

"ಅಮ್ಮಾ, ಅದು ಚಿತ್ರ."

"ಚಿತ್ರ ಅಂತ ನಂಗೆ ಗೊತ್ತಿಲ್ವೇನೋ? ನೀನು ಹುಟ್ಟೋಕೆ ಮುಂಚೇನೇ ಸ್ಕ್ಯಾನಿಂಗಲ್ಲಿ ನಿನ್ನ ಚಿತ್ರ ನೋಡಿದೋಳು ನಾನು."

ಅಂದಿನಿಂದ ಅವನು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತಿತ್ತು. "ಬಂದಿದ್ರಾ?" ಇಲ್ಲವೆಂದರೆ ಮಾತು ಅಲ್ಲಿಗೆ ಮುಗಿಯಿತು. ಬಂದಿದ್ದರು ಎಂದ ದಿನ ಅಮ್ಮ ತಟ್ಟೆಯ ಮುಂದೆ ಕೂತು, ಅನ್ನವನ್ನು ಎರಡು ಭಾಗ ಮಾಡಿ, ಮತ್ತೆ ಒಂದು ಮಾಡಿ, ಹಾಗೇ ಮುಚ್ಚಿಟ್ಟು ಏಳುತ್ತಿದ್ದಳು. "ಹಸಿವಿಲ್ಲ ಕಣೋ." ಬಂದಿಲ್ಲವೆಂದು ಸುಳ್ಳು ಹೇಳಿ ನೋಡಿದ. ಅವನ ಮುಖ ನೋಡಿದರೆ ಅಮ್ಮನಿಗೆ ಎಕ್ಸ್‌ರೇ ಬೇಕಿರಲಿಲ್ಲ. ಬರಬರುತ್ತ, ಬಾರದ ದಿನಗಳಲ್ಲೂ ಅವಳ ತಟ್ಟೆಯಲ್ಲಿ ಅರ್ಧ ಉಳಿಯತೊಡಗಿತು. ಅವಳ ಬಳೆಗಳು ಮಣಿಕಟ್ಟಿನಿಂದ ಮೊಣಕೈವರೆಗೆ ಜಾರಲು ಶುರುವಾದವು.

ಸೂಪರ್‌ವೈಸರು ಬೇರೆ ಕಡೆಯಿಂದ ಹೊಸದಾಗಿ ಬಂದವರು, ಅಪ್ಪನನ್ನು ಕಂಡವರಲ್ಲ. ಒಂದು ಬೆಳಿಗ್ಗೆ ಕರೆದರು.

"ಏನ್ರೀ ವಾರಸುದಾರ್ರೇ, ಸೂಜಿ ಹಿಡೀತೀರ, ಬ್ಲೇಡು ಹಿಡೀತೀರ. ಈ ಒಂದು ಚೀಲ ಮಾತ್ರ ಪ್ರತಿ ಸಲ ಬಿಡ್ತೀರ. ಯಾಕೆ?"

"ಅದು ಕಾಣ್ಸಲ್ಲ ಸಾರ್."

"ಚಾಕು ಇಷ್ಟುದ್ದ ಇದೆ!"

"ಚಾಕು ಕಾಣುತ್ತೆ ಸಾರ್..." ಎಂದು ಶುರುಮಾಡಿ ನಿಲ್ಲಿಸಿದ.

"ಇನ್ನೊಂದು ಸಲ ಬಿಟ್ರೆ ಸ್ಕ್ರೀನಿಂದ ಎಬ್ಬಿಸಿ ಟ್ರಾಲಿ ಜೋಡ್ಸೋಕೆ ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರಿನ ಪ್ರಶ್ನೆಯೇ ಅಲ್ಲ. ಟ್ರಾಲಿ ಜೋಡಿಸಿದರೆ ಸಂಬಳ ಅಷ್ಟೇ ಬರುತ್ತದೆ, ಗಾಳಿಯೂ ಸಿಗುತ್ತದೆ. ಆದರೆ ಆ ಕುರ್ಚಿಗೆ ಬೇರೆ ಯಾರೋ ಬಂದು ಕೂರುತ್ತಾರೆ, ಅಪ್ಪನ ಚೀಲ ಬಂದಾಗ ಆಕಳಿಸುತ್ತ ಗುಂಡಿ ಒತ್ತುತ್ತಾರೆ. ತಾನೇ ಒತ್ತಿದರೂ ಚೀಲ ಹೋಗುತ್ತದೆ. ಅಮ್ಮನಿಗೆ ಏನೆಂದು ಹೇಳುವುದು?

ಇದನ್ನೇ ಮೆಲುಕು ಹಾಕುತ್ತಿದ್ದ ಒಂದು ಮಧ್ಯಾಹ್ನ, ಸಾಲು ಬಾಗಿಲಾಚೆಗೂ ಬೆಳೆದಿದ್ದಾಗ, ಒಬ್ಬರ ಬೆನ್ನುಚೀಲ ಹೋದದ್ದಷ್ಟೇ ಅವನಿಗೆ ನೆನಪು. ಅದರ ಹಿಂದೆ ಕೊಡೆಯ ತುದಿ ಕಾಣಿಸಿಕೊಂಡಂತಾಯಿತು. ಅವನು ಉಸಿರು ಹಿಡಿದ. ಯಾರೋ ಪ್ರಯಾಣಿಕರ ನಿಜವಾದ ಕೊಡೆ, ನಿಜವಾದ ಸೂಟ್‌ಕೇಸು. ಆದರೂ ಅವನ ಕಣ್ಣು ಅದರೊಳಗೆ ಸೈಕಲ್ ಕಡ್ಡಿ ಹುಡುಕುತ್ತ ಉಳಿಯಿತು. ಅಷ್ಟರಲ್ಲಿ ಮುಂದಿನ ಚೀಲವೂ ದಾಟಿಹೋಗಿತ್ತು.

"ನಿಲ್ಸು!" ಎಂದಳು ಅಕ್ಕ.

ಅವಳು ಸುಮ್ಮನೆ ಕೈಗೆ ಸಿಕ್ಕ ಚೀಲವನ್ನು ಬಿಚ್ಚಿದ್ದಳು. ನಡುನಡುವೆ ಒಂದನ್ನು ಹಾಗೆ ಬಿಚ್ಚುವುದು ರೂಢಿ. ಟವೆಲಿನಲ್ಲಿ ಸುತ್ತಿದ ಉದ್ದನೆಯ ಚಾಕು, ಮೊಳದಷ್ಟು. ಚೀಲದವನು ಅಡುಗೆಯವನು, ಹೊಸ ಕೆಲಸಕ್ಕೆ ಹೊರಟಿದ್ದ. ಬೆವರಿ, "ಹೊಟ್ಟೆಪಾಡಿನ ಸಾಮಾನಮ್ಮಾ, ದೊಡ್ಡ ಪೆಟ್ಟಿಗೇಲಿ ಹಾಕೋದು ಮರೆತೆ" ಎಂದು ಕೈಮುಗಿದ. ಅವನ ಪೆಟ್ಟಿಗೆ ತರಿಸಿ ಚಾಕುವನ್ನು ಅದರೊಳಗೆ ಹಾಕಿಸಿದರು. ಯಾರಿಗೂ ಏನೂ ಆಗಲಿಲ್ಲ.

ಟೀ ಯಂತ್ರದ ಹತ್ತಿರ ಅಕ್ಕ ಮೆಲ್ಲನೆ ಕೇಳಿದಳು. "ನಿಮ್ಮಪ್ಪನ ಚೀಲ ಬಂತಾ?"

"ಬರ್ಲಿಲ್ಲ."

"ಬರದೇ ಇದ್ರೂ ಹುಡುಕ್ತಿದ್ದೆ ಹಾಗಾದ್ರೆ." ಅವಳು ಲೋಟವನ್ನು ಅವನ ಕೈಗಿಟ್ಟಳು. "ನಾನು ಯಾರ ಹತ್ರಾನೂ ಹೇಳಲ್ಲ. ಆದ್ರೆ ನನ್ನ ಕೈ ಆ ಚೀಲದ ಮೇಲೆ ಬಿದ್ದಿದ್ದು ಅದೃಷ್ಟ ಕಣೋ. ಆ ಅಡುಗೆಯೋನು ಒಳ್ಳೇವ್ನಾಗಿದ್ದಿದ್ದೂ ಅದೃಷ್ಟ. ಎರಡೂ ಇನ್ನೊಂದ್ಸಲ ಒಟ್ಟಿಗೆ ಸಿಗುತ್ತಾ?"

ಅವನು ಟೀ ಕುಡಿಯಲಿಲ್ಲ. ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು, ತನ್ನ ಈ ಶೌರ್ಯವನ್ನು ಕರವಸ್ತ್ರದಿಂದ ಒರೆಸಿಕೊಂಡು, ಮತ್ತೆ ಕುರ್ಚಿಯ ಮೇಲೆ ಕೂತ.

ಕೆಲವು ದಿನಗಳ ಮೇಲೆ ಅದು ಬಂತು. ಕೊಡೆ, ಕನ್ನಡಕ, ಕಡ್ಡಿ ಸಿಕ್ಕಿಸಿದ ಡಬ್ಬಿ. ಅದರ ಹಿಂದೆ ಬೆಲ್ಟಿನ ಮೇಲೆ ನಿಜವಾದ ಚೀಲಗಳು ಒಂದಕ್ಕೊಂದು ತಾಗಿಕೊಂಡು ಕಾಯುತ್ತಿದ್ದವು. ಕುತ್ತಿಗೆಯ ಹಿಂದೆ ತಣ್ಣಗಾಯಿತು. ಹಿಂದೆ ನಿಂತವರು ಯಾರೇ ಆಗಿರಲಿ, ಅವರೂ ವರ್ಷಗಟ್ಟಲೆ ಇದೇ ಗುಂಡಿ ಒತ್ತಿದವರು.

"ಬರ್ಲಾ ಅಪ್ಪ," ಎಂದ. ಹೊರಡುತ್ತಿದ್ದವರು ಯಾರೆಂದು ಅವನಿಗೇ ಸ್ಪಷ್ಟವಿರಲಿಲ್ಲ. ಒತ್ತಿದ.

ಚೀಲ ಅಲ್ಲೇ, ಸ್ಕ್ರೀನಿನ ನಡುವೆ, ಇಲ್ಲವಾಯಿತು. ಸರಿಯಾಗಿ ಗುರುತಿಸಿದ್ದೀರಿ ಎಂದಿತು ಯಂತ್ರ. ಅವನು ಮುಂದಿನ ಚೀಲ ನೋಡಿದ, ಅದರ ಮುಂದಿನದನ್ನೂ ನೋಡಿದ. ಪಾಳಿ ಮುಗಿಯುವವರೆಗೆ ಒಂದು ಪಿನ್ನನ್ನೂ ಬಿಡಲಿಲ್ಲ.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಇದ್ದಳು. "ಬಂದಿದ್ರಾ?"

"ಬಂದಿದ್ರು."

"ಡಬ್ಬಿ?"

ಈ ಸಲ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ ಚಪ್ಪಲಿ ಬಿಚ್ಚುತ್ತ ಹೇಳಿದ. "ಖಾಲಿ ಇತ್ತು. ಪೂರ್ತಿ ಖಾಲಿ."

ಸುಳ್ಳು ಸಿಕ್ಕಿಬಿತ್ತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಅಮ್ಮ ತಟ್ಟೆ ಹಾಕಿಕೊಂಡು ಕೂತಳು, ಊಟ ಮಾಡಿದಳು, ಎರಡನೇ ಸಲ ಬಡಿಸಿಕೊಂಡಳು. ಅವನು ಎದುರಿಗೆ ಕೂತು ಒಂದೊಂದು ತುತ್ತನ್ನೂ ನೋಡಿದ. ಎಷ್ಟೋ ತಿಂಗಳ ಮೇಲೆ ಆ ಅಡುಗೆಮನೆಯಲ್ಲಿ ಯಾರೋ ತೃಪ್ತಿಯಿಂದ ಕೈ ತೊಳೆದ ಸದ್ದು ಕೇಳಿಸಿತು.

ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮೇಜಿನ ಮೇಲೆ ಎರಡು ಡಬ್ಬಿ. ಒಂದು ಅವನದು. ಇನ್ನೊಂದು ಹೊಸದು, ಮುಚ್ಚಳ ಹೊಳೆಯುತ್ತಿತ್ತು.

"ಇದ್ಯಾರಿಗಮ್ಮಾ?"

"ನಿನ್ನೆ ಖಾಲಿ ಆಯ್ತು ಅಂದ್ಯಲ್ಲ," ಎಂದಳು ಅಮ್ಮ, ಒಲೆ ಒರೆಸುತ್ತ, ಅವನ ಕಡೆ ನೋಡದೆ. "ಇವತ್ತಿಗೆ ಏನು ಮಾಡ್ತಾರೆ?"

ಅವನು ಎರಡನ್ನೂ ಚೀಲಕ್ಕೆ ಹಾಕಿಕೊಂಡ. ಮಧ್ಯಾಹ್ನ ವಿಶ್ರಾಂತಿಯ ಕೋಣೆಯ ಮೂಲೆಯಲ್ಲಿ ಕೂತು ತನ್ನದನ್ನು ಮುಗಿಸಿದ. ಆಮೇಲೆ ಹೊಸ ಡಬ್ಬಿಯ ಮುಚ್ಚಳ ತೆಗೆದ. ಇನ್ನೂ ಬೆಚ್ಚಗಿತ್ತು. ಅಕ್ಕ ಒಳಗೆ ಬಂದವಳು ಎರಡು ಡಬ್ಬಿ ನೋಡಿದಳು, ಅವನ ಮುಖ ನೋಡಿದಳು, ತಮಾಷೆಯ ಮಾತೊಂದನ್ನು ಬಾಯಲ್ಲೇ ತಡೆದುಕೊಂಡು ಎದುರಿನ ಕುರ್ಚಿ ಎಳೆದು ಕೂತಳು.

"ನಾನೂ ಸ್ವಲ್ಪ ತಿನ್ಲಾ?"

"ಬೇಡ ಅಕ್ಕಾ," ಎಂದ ಅವನು, ಬಾಯಿ ತುಂಬಿಕೊಂಡೇ. ಹೊಟ್ಟೆ ಬಿರಿಯುತ್ತಿತ್ತು. ಒಂದು ಅಗುಳೂ ಬಿಡದೆ ತಳ ಸವರಿ ತಿಂದ.