ಭಾವನ ಜಲ್ಲಿ ಹೊಲ

ನನ್ನ ಭಾವ ಇಪ್ಪತ್ತೊಂದು ವರ್ಷ ಉತ್ತ ಹೊಲದಲ್ಲಿ ಒಂದು ಕಾಳೂ ಬೆಳೆದಿರಲಿಲ್ಲ. ಒಂದು ಹುಲ್ಲುಕಡ್ಡಿ ಕಂಡರೂ ಅವರಿಗೆ ಸಿಟ್ಟು ಬರುತ್ತಿತ್ತು. ಆ ಹೊಲವೆಂದರೆ ಊರಾಚೆಯ ಸಣ್ಣ ವಿಮಾನ ನಿಲ್ದಾಣದಲ್ಲಿ ರನ್‌ವೇ ಮುಗಿಯುವಲ್ಲಿ ಹಾಸಿದ ಗುಂಡುಜಲ್ಲಿಯ ಪಾತಿ. ಅದರಾಚೆ ತಂತಿಬೇಲಿ, ಬೇಲಿಯಾಚೆ ಹೆದ್ದಾರಿ. ಇಳಿದ ವಿಮಾನವೇನಾದರೂ ನಿಲ್ಲದೆ ಮುಂದಕ್ಕೋಡಿದರೆ, ಅದರ ಚಕ್ರಗಳನ್ನು ಈ ಜಲ್ಲಿ ಹೂತು ಹಿಡಿಯಬೇಕು. ಹಾಗೆ ಹಿಡಿಯಲು ಜಲ್ಲಿ ಸಡಿಲವಾಗಿರಬೇಕು. ಆದ್ದರಿಂದ ಭಾವ ದಿನಾ ಬೆಳಿಗ್ಗೆ ಟ್ರ್ಯಾಕ್ಟರಿನಿಂದ ಅದನ್ನು ಕೆದಕಿ, ಸೊಂಟದೆತ್ತರದಿಂದ ಒಂದು ಕಬ್ಬಿಣದ ಗುಂಡನ್ನು ಬೀಳಿಸುತ್ತಿದ್ದರು. ಗುಂಡು ಪೂರ್ತಿ ಮುಳುಗಿದರೆ ಮಾತ್ರ ಚಹಾ.

ಇಷ್ಟು ವರ್ಷದಲ್ಲಿ ಒಂದು ವಿಮಾನವೂ ಅತ್ತ ಸುಳಿದಿರಲಿಲ್ಲ. ನಿಲ್ದಾಣದಲ್ಲಿ ಎಲ್ಲರೂ ಅವರನ್ನು 'ಜಮೀನ್ದಾರ್ರು' ಎಂದು ಕರೆಯುತ್ತಿದ್ದರು. ಮನೆಯಲ್ಲಿ ಅಕ್ಕ, "ಏನ್ರೀ, ಕಟಾವು ಯಾವಾಗ?" ಎಂದು ಕೆಣಕುತ್ತಿದ್ದಳು.

ಹೊಸದಾಗಿ ಬಂದ ಮ್ಯಾನೇಜರಿಗೆ ಆ ಜಾಗದಲ್ಲಿ ಅಗ್ನಿಶಾಮಕ ಗಾಡಿಗೊಂದು ದಾರಿ ಬೇಕಿತ್ತು.

"ಜಮೀನ್ದಾರ್ರೇ, ಇಲ್ಲಿಗೆ ಇದುವರೆಗೂ ಎಷ್ಟು ವಿಮಾನ ಬಂದಿವೆ?"

"ಒಂದೂ ಇಲ್ಲ ಸರ್. ನೀವು ಹೆಲ್ಮೆಟ್ ಹಾಕ್ಕೊಂಡು ಬೈಕಲ್ಲಿ ಬರ್ತೀರಲ್ಲ, ಎಷ್ಟು ಸಲ ಬಿದ್ದಿದೀರಿ?"

ಮ್ಯಾನೇಜರ್ ನಕ್ಕುಬಿಟ್ಟರು. "ಸರಿ, ಎಡಗಡೆ ಅರ್ಧ ನಿಮ್ದು, ಬಲಗಡೆ ನಂದು. ಆರು ತಿಂಗಳು ನೋಡೋಣ. ಏನೂ ಆಗ್ಲಿಲ್ಲ ಅಂದ್ರೆ ಪೂರ್ತಿ ರೋಲರ್ ಹೊಡ್ಸಿ, ನಿಮ್ಮನ್ನ ಲಗೇಜ್ ವಿಭಾಗಕ್ಕೆ ಕಳಿಸ್ತೀನಿ."

ಬಲಭಾಗ ರೋಲರಿನಡಿ ಮೂರೇ ದಿನಗಳಲ್ಲಿ ರಸ್ತೆಯಂತೆ ಗಟ್ಟಿಯಾಯಿತು. ಭಾವ ನನ್ನ ಬಳಿ ಬಂದು ದೂರಿದರು. ನಾನೋ, ಆರು ತಿಂಗಳು ಏನೂ ಆಗದಿದ್ದರೆ ಅದರಿಂದ ಏನೂ ಸಾಬೀತಾಗದು, ಆದರೆ ಇಪ್ಪತ್ತೊಂದು ವರ್ಷದ ಕೆದಕುವಿಕೆಯಿಂದಲೂ ಅಷ್ಟೇ, ಎಂದೆ.

"ನೀನು ಯಾರ ಕಡೆ ಕಣೋ?"

"ಲೆಕ್ಕದ ಕಡೆ, ಭಾವ."

"ಹಂಗಾದ್ರೆ ಊಟಾನೂ ಲೆಕ್ಕದ ಮನೇಲೇ ಮಾಡ್ಕೋ."

ಐದನೆಯ ತಿಂಗಳು. ಮಳೆ ನಿಂತ ಒಂದು ಬೆಳಿಗ್ಗೆ ಎಂಟು ಸೀಟಿನ ಪುಟ್ಟ ಜೆಟ್ ರನ್‌ವೇಯ ಅರ್ಧ ದಾಟಿದ ಮೇಲೆ ನೆಲ ಮುಟ್ಟಿತು. ಒದ್ದೆ ನೆಲದಲ್ಲಿ ಬ್ರೇಕು ಹಿಡಿಯದೆ ನೇರ ಪಾತಿಗೆ ನುಗ್ಗಿತು. ಬಲಚಕ್ರ ಗಟ್ಟಿನೆಲದ ಮೇಲೆ ಸರಾಗವಾಗಿ ಓಡಿದರೆ, ಎಡಚಕ್ರ ಭಾವನ ಜಲ್ಲಿಯಲ್ಲಿ ಹೂತಿತು. ವಿಮಾನ ಎಡಕ್ಕೆ ಗರ್ರನೆ ತಿರುಗಿ, ಜಲ್ಲಿ ಎರಚಿ, ಮನೆಯಲ್ಲಿ ಏನೋ ಮರೆತುಬಂದವರಂತೆ ಬಂದ ದಾರಿಯನ್ನೇ ನೋಡುತ್ತಾ ನಿಂತಿತು. ಬೇಲಿಗೆ ಇನ್ನೂ ಹದಿನೆಂಟು ಹೆಜ್ಜೆಯಿತ್ತು. ಐವರು ಪ್ರಯಾಣಿಕರಿಗೂ ಏನೂ ಆಗಿರಲಿಲ್ಲ.

ಬಾಗಿಲು ತೆರೆದು ಪೈಲಟ್ ಇಳಿಯುವಾಗ, ಬದಿಯಲ್ಲಿ ಗುಂಡು ಹಿಡಿದು ನಿಂತಿದ್ದ ಭಾವನ ಬಾಯಿಂದ ಬಂದ ಮೊದಲ ಮಾತು: "ಸ್ವಾಮಿ, ಆ ಕಡೆ ಕಾಲಿಡ್ಬೇಡಿ, ಈಗ್ತಾನೆ ಕೆದಕಿದೀನಿ!"

ಮ್ಯಾನೇಜರ್ ಓಡಿಬಂದು ಅಳೆಸಿದರು. ಎಡಗಡೆ ಮೊಳದಾಳದ ಗುಂಡಿ, ಬಲಗಡೆ ಬರೀ ಒಂದು ಕಪ್ಪು ಗೆರೆ. ಒಂದೇ ವಿಮಾನ, ಒಂದೇ ವೇಗ, ಎರಡು ನೆಲ. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ಯಾರೂ ಬೇಕೆಂದು ಏರ್ಪಡಿಸಲಾರರು. ಇಂಥದ್ದು ಮತ್ತೆ ಯಾವಾಗ ಆದೀತೆಂದು ಅದು ಹೇಳುವುದಿಲ್ಲ, ನಿಜ. ಆದರೆ ಸಡಿಲ ಜಲ್ಲಿ ಏನು ಮಾಡುತ್ತದೆಂಬ ಬಗ್ಗೆ ನನ್ನಲ್ಲೂ ಅನುಮಾನ ಉಳಿಯಲಿಲ್ಲ.

"ನನ್ ಅರ್ಧಾನೂ ಸಡಿಲ ಮಾಡಕ್ಕೆ ಎಷ್ಟು ದಿನ ಬೇಕು?" ಮ್ಯಾನೇಜರ್ ಕೇಳಿದರು.

"ಹನ್ನೊಂದು ದಿನ ಸರ್. ನೀವೂ ಸಲಿಕೆ ಹಿಡಿದ್ರೆ ಹತ್ತು."

ಸಂಜೆ ಅಕ್ಕ ತಟ್ಟೆ ಹಾಕುತ್ತಾ, "ಕಟಾವಾಯ್ತಂತೆ?" ಎಂದಳು.

"ಒಂದೇ ಫಸಲು. ಸಾಕು, ಇನ್ಮೇಲೆ ಬರೋದು ಬೇಡ." ಭಾವ ಬಾಗಿಲಲ್ಲಿ ನಿಂತಿದ್ದ ನನ್ನತ್ತ ನೋಡಿದರು. "ಇವತ್ತು ಲೆಕ್ಕ ನಮ್ ಕಡೆ ಇದೆ ಕಣೇ. ಇವ್ನಿಗೂ ಬಡಿಸು."